ಹವಾಲ್ದಾರ್ ಸಾಹೇಬರ ಹರಕು ಪ್ಯಾಂಟು

ಮೊನ್ನೆ ರಾಯಚೂರಿನಿಂದ ಮಾನ್ವಿಗೆ ಬರುವಾಗ ಬಸ್ಸಿನಲ್ಲಿ ಪಕ್ಕ ಕೂತವರ ಬಟ್ಟೆಯಿಂದ ಕೆಂಪು ಸಾಬೂನಿನ ವಾಸನೆ ಬಂತು. ಆ ಸಾಬೂನಿನಲ್ಲಿ ತೊಳೆದ ದಪ್ಪ ಹಸಿರು ಪ್ಯಾಂಟೊಂದನ್ನು ನಾನು ಎಷ್ಟು ಸಲ ಹೊಲಿದಿದ್ದೇನೋ ಲೆಕ್ಕವಿಲ್ಲ. ತಂದುಕೊಡುತ್ತಿದ್ದವರು ನಮ್ಮ ಓಣಿಯ ಹವಾಲ್ದಾರ್ ಸಾಹೇಬರು...

ದೇವದುರ್ಗದ ಕಡೆಯವರು. ನನ್ನ ಹೊಲಿಗೆ ಅಂಗಡಿಯ ಎದುರಿನ ಮನೆಗೆ ಒಬ್ಬರೇ ಬಾಡಿಗೆಗೆ ಬಂದಾಗಲೇ ನನಗೆ ಅನುಮಾನ. ಮಿಲಿಟರಿಯಿಂದ ನಿವೃತ್ತರಾದವರಂತೆ. ಆದರೆ ಗೋಡೆಯ ಮೇಲೆ ಸಮವಸ್ತ್ರದ ಒಂದು ಫೋಟೋ ಇರಲಿಲ್ಲ, ಒಂದು ಪದಕ ಇರಲಿಲ್ಲ. ಗುಂಡು ತಗುಲಿ ಬಿದ್ದ ಸೈನಿಕ ಆಸ್ಪತ್ರೆ ಮುಟ್ಟುವ ಮೊದಲು ಅವನ ಜೀವ ಹೇಗೆ ಉಳಿಸಬೇಕು ಅಂತ ಜವಾನರಿಗೆ ಕಲಿಸುವುದು ಅವರ ನೌಕರಿಯಾಗಿತ್ತಂತೆ. ಎಲ್ಲವೂ ಅಂತೆ. ಕಂಡವರು ಯಾರು?

ಭಾನುವಾರ ಮಧ್ಯಾಹ್ನ, ರಜೆಗೆ ಊರಿಗೆ ಬಂದ ಜವಾನರು ಮಸರಕಲ್, ಬಾಗಲವಾಡದಿಂದ ಬೈಕಿನ ಮೇಲೆ ಬರುತ್ತಿದ್ದರು. ಬಾಗಿಲು ಮುಚ್ಚುತ್ತಿತ್ತು. ಒಳಗಿಂದ ನರಳುವ ಸದ್ದು, ಗದರುವ ಸದ್ದು. ಸೋಮವಾರ ಬೆಳಿಗ್ಗೆ ಅದೇ ಪ್ಯಾಂಟು, ಎರಡೂ ಕಾಲು ಉದ್ದಕ್ಕೆ ಸೀಳಿಕೊಂಡು, ನನ್ನ ಮೇಜಿನ ಮೇಲೆ ಬಂದು ಬೀಳುತ್ತಿತ್ತು. ತೊಳೆದರೂ ಹೋಗದ ಕೆಂಪು ಕಲೆ ಬೇರೆ. ಕುಂಕುಮ ಕಲಸಿದ ನೀರು ಅನ್ನುತ್ತಿದ್ದರು. ಅವರು ಆ ಕಡೆ ಹೋದ ಮೇಲೆ ನಾನು ಮೂಸಿ ನೋಡುತ್ತಿದ್ದೆ.

ಅಷ್ಟರಲ್ಲಿ ಸೈನ್ಯದಲ್ಲಿದ್ದ ನನ್ನ ತಮ್ಮ ರಜೆಗೆ ಬಂದ. ರಜೆ ಮುಗಿದರೆ ಗಡಿಗೆ ಹೋಗುವವನಿದ್ದ. ಅವನೂ ಹೋಗಿ ಆ ಮನೆ ಸೇರಿದ. ಏನು ಮಾಡುತ್ತೀರಿ ಅಂತ ಬೆನ್ನು ಹತ್ತಿ ಕೇಳಿದ್ದಕ್ಕೆ ಹೇಳಿದ: ಒಬ್ಬ ಆ ಪ್ಯಾಂಟು ಹಾಕಿಕೊಂಡು ಗಾಯಾಳುವಾಗಿ ಮಲಗಬೇಕು, ಇನ್ನೊಬ್ಬ ಕತ್ತರಿಯಿಂದ ಬಟ್ಟೆ ಸೀಳಿ, ಗಾಯ ಹುಡುಕಿ, ಪಟ್ಟಿ ಬಿಗಿದು ರಕ್ತ ನಿಲ್ಲಿಸಬೇಕು. ಸಾಹೇಬರು ಗಡಿಯಾರ ನೋಡುತ್ತ ನಿಲ್ಲುತ್ತಾರಂತೆ. ನನಗೆ ಅದೂ ಪೂರ್ತಿ ನಂಬಿಕೆಯಾಗಲಿಲ್ಲ.

ಪ್ರತಿ ಸಲ ಅವರದು ಒಂದೇ ಮಾತು, ಗಟ್ಟಿ ಹೊಲಿ. ಒಳಗೆ ಪಟ್ಟಿ ಕೊಟ್ಟು ಎರಡು ಸಾಲು ಹೊಲಿಗೆ ಹಾಕಬೇಕು. ಹೇಗೂ ಮತ್ತೆ ಸೀಳುವ ಬಟ್ಟೆಗೆ ಇದೆಂಥ ಕಾಟ! ಮದುವೆಯ ದಿನಗಳು, ಜಂಪರುಗಳ ರಾಶಿ ಬಿದ್ದಿತ್ತು. ಆ ವಾರ ನಾನು ಕಾಟಾಚಾರಕ್ಕೆ ಕಚ್ಚಾ ಹೊಲಿಗೆ ಹಾಕಿ, ಇಸ್ತ್ರಿ ಮಾಡಿ ಕೊಟ್ಟುಬಿಟ್ಟೆ.

ಭಾನುವಾರ ತಮ್ಮ ಕುಣಿಯುತ್ತ ಬಂದ. ಎಲ್ಲರಿಗಿಂತ ಬೇಗ ಮುಗಿಸಿದವನು ಅವನೇ. ಕತ್ತರಿಯೇ ಬೇಕಾಗಲಿಲ್ಲ, ಕೈಯಿಂದ ಜಗ್ಗಿದರೆ ಸಾಕು ಬಿಚ್ಚಿಕೊಂಡಿತು ಅಂದ. ನಾನೂ ಹಿಗ್ಗಿದೆ, ದಡ್ಡಿ. ಅವನು ಆ ಕಡೆ ಹೋದದ್ದೇ ಸಾಹೇಬರು ಪ್ಯಾಂಟು ಹಿಡಿದು ಬಂದರು. ನಾನು ಜಗಳಕ್ಕೆ ಸೆರಗು ಬಿಗಿದು ನಿಂತೆ. ಅವರು ದನಿ ಏರಿಸಲಿಲ್ಲ.

"ತಂಗಿ, ಈ ಹೊಲಿಗಿ ನಿನ್ನ ತಮ್ಮನ ಕೈಗಿ ಸುಳ್ಳ ಕಲಿಸ್ಯದ. ಅಲ್ಲಿ ಅಂವ ಕತ್ರಿ ಬಿಟ್ಟು ಅರಿವಿ ಜಗ್ಗಿಕೋತ ಕುಂದರ್ತಾನ. ಅಷ್ಟೊತ್ತಿಗಿ ಬಿದ್ದಾಂವ ಹೋಗಿರ್ತಾನ."

ಮರುದಿನ ಸಂಜೆಯೇ ತಮ್ಮನ ರೈಲು. ಅವರ ಎದುರಿಗೇ ಕೂತು ಎರಡೂ ಕಾಲಿಗೆ ಗಟ್ಟಿ ಹೊಲಿಗೆ ಹಾಕಿದೆ. ಆದರೆ ತಪ್ಪಾಯಿತು ಅನ್ನಲು ನಾಲಿಗೆ ಏಳಲಿಲ್ಲ.

ಬೆಳಿಗ್ಗೆ ತಮ್ಮ ಅವ್ವನನ್ನು ಕರೆದುಕೊಂಡು ದೇವಸುಗೂರಿಗೆ ದೇವರ ದರ್ಶನಕ್ಕೆ ಹೋದ. ಅಲ್ಲಿಂದ ನೇರ ರಾಯಚೂರು ಸ್ಟೇಷನ್ನಿಗೆ ಬಂದ. ಅವನ ಟ್ರಂಕು ತೆಗೆದುಕೊಂಡು ನಾನು ಹೋದರೆ, ಪ್ಲಾಟ್‌ಫಾರ್ಮಿನ ಮೇಲೆ ಸಾಹೇಬರು! ಅದೇ ಪ್ಯಾಂಟು ಹಾಕಿಕೊಂಡಿದ್ದಾರೆ, ಹೆಗಲ ಮೇಲೊಂದು ಲುಂಗಿ. ತಮ್ಮನ ಕೈಗೆ ಕತ್ತರಿ ಕೊಟ್ಟು ಬೆಂಚಿನ ಮೇಲೆ ಅಂಗಾತ ಮಲಗಿಬಿಟ್ಟರು. ತಮ್ಮ ಮೊದಲು ಕೈ ಹಾಕಿಯೇ ಜಗ್ಗಿದ. ಬಿಚ್ಚಲಿಲ್ಲ. ಮತ್ತೆ ಜಗ್ಗಿದ.

"ನಾ ಸತ್ತೆ," ಅಂದರು ಸಾಹೇಬರು, ಗಡಿಯಾರದಿಂದ ಕಣ್ಣು ತೆಗೆಯದೆ. "ಇನ್ನೊಂದು ಕಾಲು ಅದ. ನಡಿ."

ಈ ಸಲ ಕತ್ತರಿ ಕೆಳಗಿನಿಂದ ತೊಡೆಯವರೆಗೆ ಒಂದೇ ಓಟಕ್ಕೆ ಓಡಿತು. ಜನ ಸೇರಿದರು. ಮುದುಕನ ಬಟ್ಟೆ ಯಾಕೆ ಹರಿಯುತ್ತೀಯ ಅಂತ ಪೊಲೀಸಿನವನು ಬಂದು ಗದರಿದ. ನಾನು ಇವರು ಯಾರೋ ಏನೋ ಅನ್ನುವಂತೆ ಮುಖ ತಿರುಗಿಸಿ ನಿಂತೆ. ರೈಲು ಬಂದಾಗ ಸಾಹೇಬರು ಲುಂಗಿ ಸುತ್ತಿಕೊಂಡು, ನನ್ನ ಕಡೆ ನೋಡುತ್ತ, ತಮ್ಮನ ಕಿವಿಯಲ್ಲಿ ಏನೋ ಹೇಳಿದರು. ನನ್ನ ಹೆಸರು ಕೆಡಿಸಿಯೇ ಕಳಿಸಿದರು ಅಂದುಕೊಂಡೆ.

ಅವತ್ತಿನಿಂದ ಅವರನ್ನು ಕಂಡರೆ ಅಂಗಡಿಯ ಪರದೆ ಎಳೆಯುತ್ತಿದ್ದೆ. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು. ಮಣ್ಣಿಗೆ ಎಲ್ಲೆಲ್ಲಿಂದಲೋ ಜವಾನರು ಬಂದಿದ್ದರು. ಸಮವಸ್ತ್ರದಲ್ಲಿ ಸಾಲಾಗಿ ನಿಂತು ಸೆಲ್ಯೂಟ್ ಹೊಡೆದರು. ನಾನು ಪರದೆಯ ಸಂದಿಯಿಂದ ನೋಡಿದೆ...

ಹೋದ ತಿಂಗಳು ತಮ್ಮ ಊರಿಗೆ ಬಂದಿದ್ದ. ಗಡಿಯಲ್ಲಿ ಜೊತೆಗಾರನ ತೊಡೆಗೆ ಗುಂಡು ಬಿದ್ದದ್ದು, ತಾನು ಬಟ್ಟೆ ಸೀಳಿ ರಕ್ತ ನಿಲ್ಲಿಸಿದ್ದು, ಆ ಹುಡುಗ ಈಗ ನಡೆದಾಡುವುದು, ಎಲ್ಲ ಹೇಳಿದ. ನನಗೆ ತಡೆಯಲಾಗಲಿಲ್ಲ. ಅವತ್ತಿನ ಕಚ್ಚಾ ಹೊಲಿಗೆಯ ಕಥೆ ಬಾಯಿಬಿಟ್ಟೆ. ಅವನು ತಬ್ಬಿಬ್ಬಾದ.

"ಅಕ್ಕಾ, ಅವ್ರು ಸ್ಟೇಷನ್ದಾಗ ಬ್ಯಾರೆ ಹೇಳಿದ್ರಲ್ಲ. ನಿಮ್ಮ ಅಕ್ಕನ ಹೊಲಿಗಿ ಗಟ್ಟಿ ಅದ, ಅವತ್ತು ಹಳೀ ಅರಿವಿ ಕೊಟ್ಟಿದ್ದು ನಂದ ತಪ್ಪು ಅಂದ್ರು."

ಎದುರು ಮನೆಯಲ್ಲಿ ಈಗ ಬೇರೆ ಸಂಸಾರವಿದೆ. ಆ ಬಾಗಿಲು ಕಂಡಾಗಲೆಲ್ಲ ಒಂದು ಸೋಮವಾರ ನೆನಪಾಗುತ್ತದೆ. ತಮ್ಮ ರೈಲು ಹತ್ತಿದ ಮುಂದಿನ ಸೋಮವಾರವೂ, ನಾನು ಪರದೆ ಎಳೆಯುವ ಮೊದಲೇ, ಸಾಹೇಬರು ಎಂದಿನಂತೆ ಆ ಪ್ಯಾಂಟು ತಂದಿದ್ದರು. ನಾನು ತಲೆ ಎತ್ತದೆ ಪುರುಸೊತ್ತಿಲ್ಲ ಅಂದೆ. ಅವರ ಜೊತೆ ನಾನು ಆಡಿದ ಕೊನೆಯ ಮಾತು ಅದೇ.