ಬಾಸಿಂಗಕ್ಕೆ ಹೋದ ಬಣ್ಣದ ಸಿನಿಮಾ

ಆದೋನಿಯ ನಮ್ಮ ಮನೆಯಲ್ಲಿ ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗ ಮಾಡುತ್ತಿದ್ದೆವು. ಹಾಳಾದ ಸಿನಿಮಾ ರೀಲುಗಳನ್ನು ಗುಜರಿಯಿಂದ ತಂದು ಸೋಡಾ ನೀರಿನಲ್ಲಿ ನೆನೆಹಾಕಿ ತಿಕ್ಕಿದರೆ, ಚಿತ್ರವೆಲ್ಲ ಬಿಟ್ಟು ಗಾಜಿನಂಥ ಪಟ್ಟಿ ಉಳಿಯುತ್ತಿತ್ತು. ಅದನ್ನು ಎಸಳಾಗಿ ಕತ್ತರಿಸಿ ಬೆಂಡಿನ ಹೂವಿಗೆ ಅಂಟಿಸಿದರೆ ಬಾಸಿಂಗ ಮಿಂಚುತ್ತಿತ್ತು. ತಿಕ್ಕುವ ಕೆಲಸ ನನ್ನದು. ಮೂರನೇ ಕ್ಲಾಸಿಗೇ ನನ್ನನ್ನು ಶಾಲೆ ಬಿಡಿಸಿದ್ದರು.

ಅಣ್ಣ ನಾಟಕ ಕಂಪನಿಯಲ್ಲಿ ಹೆಣ್ಣಿನ ಪಾತ್ರ ಹಾಕುತ್ತಿದ್ದ. ಮದ್ರಾಸಿನವರು ಅಂಥ ಒಬ್ಬ ನಟನ ಕಥೆಯನ್ನು, ನಗುವೂ ಅಳುವೂ ಬೆರೆಸಿ, ಬಣ್ಣದ ಸಿನಿಮಾ ಮಾಡಿದಾಗ ಅವನನ್ನೇ ಕರೆದರು. ಬಣ್ಣದ ಸಿನಿಮಾ ನಮ್ಮ ಕಡೆ ಆಗ ಹೊಸತು. ಅದು ಬಳ್ಳಾರಿಯಲ್ಲಿ ಕೆಲವೇ ದಿನ ನಡೆದು ನಿಂತಿತು. ಅಣ್ಣ ಆಗ ಕಂಪನಿಯೊಡನೆ ದೂರದ ಊರಲ್ಲಿದ್ದ; ತನ್ನನ್ನು ತಾನೇ ನೋಡಲಿಲ್ಲ. ಒಮ್ಮೆ ನೋಡಬೇಕೆಂಬುದೊಂದೇ ಅವನ ಆಸೆ. ಮದ್ರಾಸಿನ ಪ್ರತಿಗಳೆಲ್ಲ ಬೆಂಕಿಗೆ ಹೋಗಿದ್ದವು. ಟೆಂಟು ಹಾಕಿ ಸಿನಿಮಾ ತೋರಿಸುವವರ ಹತ್ತಿರ ಒಂದು ಪ್ರತಿ ಉಳಿದಿದೆ ಎಂದು ಕೇಳಿ ಊರೂರು ತಿರುಗಿದ.

ಒಂದು ಮಧ್ಯಾಹ್ನ ಧೂಳುಗಾಲಲ್ಲೇ ಬಂದು ನಿಂತ. ಟೆಂಟಿನವನು ಅದನ್ನು ಗುಜರಿಗೆ ಮಾರಿದ್ದನಂತೆ. ರೀಲು ನಿಮ್ಮ ಮನೆಗೆ ಹೋಗಿರಬೇಕು, ಇಲ್ಲವೇ ಎಮ್ಮಿಗನೂರಿನ ಗುಜರಿಗೆ ಎಂದು ಗುಜರಿಯವನು ಹೇಳಿದ್ದನಂತೆ.

"ತಂಗಿ, ನೀ ತಿಕ್ಕಿದ್ದರಾಗ ಬಣ್ಣದ್ದು ಇತ್ತೇನವ್ವ?"

ಆ ಬೆಳಿಗ್ಗೆಯೇ ಬಣ್ಣದ ಕೊನೆಯ ರೀಲು ತಿಕ್ಕಿ ಮುಗಿಸಿದ್ದೆ. ಪಟ್ಟಿಯಲ್ಲಿ ಕೆಂಪು ಸೀರೆಯ ಹೆಂಗಸೊಬ್ಬಳು ಕಂಡಿದ್ದಳು. ಎಷ್ಟು ಚೆಂದ ಅದಾಳ ಅಂದುಕೊಂಡೇ ಉಜ್ಜಿದ್ದೆ. ಒಡಹುಟ್ಟಿದ ಅಣ್ಣನ ಮುಖ ನನಗೆ ಗುರುತು ಸಿಕ್ಕಿರಲಿಲ್ಲ.

"ಇಲ್ಲಣ್ಣ. ಎಲ್ಲಾ ಕರೇ-ಬಿಳೇವೇ ಇದ್ದವು."

ಅವನ ಮುಖ ಅರಳಿತು. ಹಾಗಾದರೆ ಎಮ್ಮಿಗನೂರಿನ ಗುಜರಿಯಲ್ಲಿ ಸಿಕ್ಕೇ ಸಿಗುತ್ತದೆ, ಸಂಜೆ ಬಸ್ಸಿಗೇ ಹೋಗುತ್ತೇನೆ ಎಂದ. ಅಷ್ಟರಲ್ಲಿ, ಏನೂ ಅರಿಯದ ಅವ್ವ ಹಿತ್ತಲಿಂದ ಬಾನಿ ತಂದು ತಿಕ್ಕಿದ ನೀರನ್ನು ಅಂಗಳಕ್ಕೆ ಚೆಲ್ಲಿದಳು.

"ಈ ಸಲದ ರೀಲು ಬಣ್ಣ ಬಿಟ್ಟು ಓಕುಳಿ ಆಗೇತಿ ನೋಡಪಾ," ಎಂದು ನಕ್ಕಳು.

ಕೆಂಪು ನೀರು ಅಣ್ಣನ ಕಾಲ ಮುಂದೆಯೇ ಹರಿಯಿತು. ಅವನು ನನ್ನ ಕಡೆ ನೋಡಲಿಲ್ಲ. ಹಗ್ಗದ ಮೇಲೆ ಒಣಗುತ್ತಿದ್ದ ಪಟ್ಟಿಯೊಂದನ್ನು ತೆಗೆದು, ಬಿಸಿಲಿಗೆ ಹಿಡಿದು, ಈ ತುದಿಯಿಂದ ಆ ತುದಿಗೆ ಸರಿಸುತ್ತ ನೋಡಿದ. ಬರೀ ಬಿಸಿಲು.

"ಚಲೋ ತಿಕ್ಕೀಯವ್ವ," ಅಂದ.

ತಿಕ್ಕಿದ್ದು ಅರಿಯದೆ. ಸುಳ್ಳು ಮಾತ್ರ ಅರಿತೇ ಹೇಳಿದೆ. ಅವ್ವ ಆ ನೀರು ಚೆಲ್ಲದಿದ್ದರೆ, ಇಲ್ಲದ್ದನ್ನು ಹುಡುಕಲು ಅವನನ್ನು ಬಸ್ಸು ಹತ್ತಿಸಿ ಬರುತ್ತಿದ್ದೆ.

ಅವನು ಎಮ್ಮಿಗನೂರಿಗೆ ಹೋಗಲಿಲ್ಲ. ಲಗ್ನದವರು ಬಾಸಿಂಗಕ್ಕೆ ಬಾಗಿಲಲ್ಲಿ ಕಾಯುತ್ತಿದ್ದರು. ಕಾಲು ತೊಳೆದು ಬಂದು, ನನ್ನ ಪಕ್ಕದಲ್ಲೇ ಕೂತು, ಆ ಪಟ್ಟಿಯನ್ನು ಎಸಳು ಎಸಳಾಗಿ ಕತ್ತರಿಸಿದ.