ತಲೆ ಎತ್ತಿ ನೋಡುವ ಸೀಲಕ್ಕ

ಬೆಳಗಿನ ಆರು ಗಂಟೆ. ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲು ಆಗಲೇ ತೆರೆದಿದೆ. ರಾತ್ರಿಪಾಳಿ ಮುಗಿಸಿ ಬಂದ ಡ್ರೈವರೊಬ್ಬ ಕಾಗದ ಚಾಚುತ್ತಾನೆ. ಮೇಜಿನಾಚೆಯ ಹೆಂಗಸು ಅದನ್ನು ಮುಟ್ಟುವುದೇ ಇಲ್ಲ. "ಟೋಪಿ ತೆಗಿಯಪ್ಪ. ಇಲ್ಲಿ ನೋಡು, ನನ್ನ ಕಡೆ." ಗುರುತಿನ ಚೀಟಿಯ ಫೋಟೊ, ಎದುರಿನ ಮುಖ, ಮತ್ತೆ ಫೋಟೊ. "ನಮ್ಮನೆಯವಳೂ ನನ್ನನ್ನ ಇಷ್ಟು ನೋಡಿಲ್ಲ ಮೇಡಂ," ಎಂದು ಆತ ನಾಚಿಕೊಳ್ಳುತ್ತಾನೆ. ಆಮೇಲಷ್ಟೇ ಸಹಿ, ಆಮೇಲೆ ಸೀಲು.

ಐವತ್ತೆಂಟರ ಈ ನೋಟರಿಗೆ ಬೀದಿಯವರು ಇಟ್ಟ ಹೆಸರು ಸೀಲಕ್ಕ. ಸಹಿ ಹಾಕಿದವರು ಕಾಗದದಲ್ಲಿ ಹೆಸರಿರುವವರೇ ಹೌದು ಎಂದು ಸಾಕ್ಷಿ ಹೇಳುವುದು ಇವರ ಕೆಲಸ. ಮೊದಲೆಲ್ಲ ದಿನಕ್ಕೆ ಅರವತ್ತು ಕಾಗದ ಮುಗಿಸುತ್ತಿದ್ದರು, ಈಗ ಇಪ್ಪತ್ತೈದು ದಾಟುವುದಿಲ್ಲ. ನೋಟರಿ ಎಡವಿದರೆ ಪೆಟ್ಟು ಬೀಳುವುದು ಇನ್ಯಾರಿಗೋ. ಅಂಥವರಿಗೆ ನಷ್ಟ ತುಂಬಿಕೊಡಲೆಂದೇ ವೃತ್ತಿ ಹೊಣೆಗಾರಿಕೆಯ ವಿಮೆ ಇದೆ. ಹತ್ತೊಂಬತ್ತು ವರ್ಷ ಸುಮ್ಮನೆ ಕಂತು ಕಟ್ಟಿದ್ದರು. "ಬಿಸಿಲಲ್ಲಿ ಛತ್ರಿ ಹಿಡ್ಕೊಂಡು ಓಡಾಡಿದ ಹಾಗಿತ್ತು," ಎನ್ನುತ್ತಾರೆ.

ನಾಲ್ಕು ವರ್ಷದ ಹಿಂದೆ ಮಳೆ ಬಂದೇ ಬಂತು. ನಿವೃತ್ತ ನರ್ಸೊಬ್ಬರ ಗುರುತಿನ ಚೀಟಿ ಕದ್ದ ಬಾಡಿಗೆದಾರಳು, ತಾನೇ ಆ ನರ್ಸ್ ಎಂದು ಹೇಳಿ ಮನೆ ಮಾರುವ ಅಧಿಕಾರಪತ್ರಕ್ಕೆ ಸಹಿ ಹಾಕಿದಳು. ಸೀಲಕ್ಕ ಸೀಲು ಒತ್ತಿದರು. ಮನೆ ಬೇರೆಯವರ ಪಾಲಾಯಿತು, ಬಾಡಿಗೆದಾರಳು ನಾಪತ್ತೆಯಾದಳು.

ವಿಮೆಯವರು ಬಂದು ಕೇಳಿದ್ದು ಒಂದೇ ಪ್ರಶ್ನೆ: ಮುಖ ನೋಡಿದ್ದಿರಾ? 'ನೋಡಿದ್ದೆ, ಫೋಟೊದ ಹಾಗೇ ಇದ್ದಳು' ಎಂದರೆ ನೋಟರಿಯ ತಪ್ಪಿಲ್ಲ, ಸೀಲು ಉಳಿಯುತ್ತದೆ. ಆದರೆ ನೋಟರಿಯ ತಪ್ಪಿಲ್ಲದಿದ್ದರೆ ವಿಮೆಯವರೂ ಹಣ ಕೊಡಬೇಕಾಗಿಲ್ಲ. ನರ್ಸಮ್ಮ ಬೀದಿಪಾಲು. "ನೋಡಿದ್ದೆ ಅಂದ್ಬಿಡಕ್ಕ, ಯಾರು ಕಂಡೋರು?" ಎಂದು ತಮ್ಮ ಅಂಗಲಾಚಿದನಂತೆ.

"ಅವನು ಹೇಳಿದ್ದು ಸರಿನೇ, ಕಂಡೋರು ಯಾರೂ ಇಲ್ಲ. ನಾನೂ ಕಂಡಿರಲಿಲ್ಲ, ಅದೇ ತೊಂದ್ರೆ," ಎಂದು ಸೀಲಕ್ಕ ನಗುತ್ತಾರೆ. ಮೂರು ದಿನ ಊಟ ಸೇರಲಿಲ್ಲ. ನಾಲ್ಕನೇ ದಿನ ಕೈಯಾರೆ ಬರೆದುಕೊಟ್ಟರು: 'ಅಂದು ಜನ ಜಾಸ್ತಿ ಇದ್ದರು. ನಾನು ತಲೆ ಎತ್ತಲಿಲ್ಲ.'

ನರ್ಸಮ್ಮನಿಗೆ ಪರಿಹಾರ ಸಿಕ್ಕಿತು. ಸೀಲಕ್ಕನ ಪರವಾನಗಿ ಒಂದು ವರ್ಷ ಅಮಾನತಾಯಿತು, ವಿಮೆಯ ಕಂತು ದುಪ್ಪಟ್ಟಾಯಿತು. ಆ ವರ್ಷವೆಲ್ಲ ಗಂಡನ ಟೈಲರ್ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ಹೊಲಿದರು. ನಿಜ ಹೇಳಿದ್ದಕ್ಕೆ ಇದೇ ಬಹುಮಾನವೇ ಎಂದು ಕೇಳುತ್ತ ಕೂತ ನನಗೆ ಸಿಟ್ಟು ಬರುತ್ತದೆ, ಅವರಿಗಿಲ್ಲ. "ತಪ್ಪು ನಂದು. ಆಯಮ್ಮ ಯಾಕೆ ಅನುಭವಿಸ್ಬೇಕು? ಆ ವಿಮೆ ದುಡ್ಡನ್ನ ಇನ್ನೊಂದ್ಸಲ ಯಾರೂ ಕೇಳೋ ಹಾಗಾಗದಿದ್ರೆ ಸಾಕು ನಂಗೆ."

ಏಳರ ಹೊತ್ತಿಗೆ ಊರುಗೋಲು ಊರಿಕೊಂಡು ಒಬ್ಬರು ಒಳಬರುತ್ತಾರೆ, ಕೈಯಲ್ಲಿ ಪಿಂಚಣಿಯ ಕಾಗದ. ಅದೇ ನರ್ಸಮ್ಮ. ಇದೇ ಬೀದಿಯಲ್ಲಿ ಇನ್ನೂ ಮೂವರು ನೋಟರಿಗಳಿದ್ದಾರೆ, ಇವರು ಬರುವುದು ಮಾತ್ರ ಇಲ್ಲಿಗೆ. ಸೀಲಕ್ಕ ಚೀಟಿ ಕೇಳುತ್ತಾರೆ. ಫೋಟೊ ನೋಡುತ್ತಾರೆ, ಮುಖ ನೋಡುತ್ತಾರೆ, ನೋಡುತ್ತಲೇ ಇರುತ್ತಾರೆ.

"ನಾನೇ ಕಣಮ್ಮ. ಒತ್ತು ಬೇಗ."

"ಗೊತ್ತು ಅಮ್ಮ. ಆವತ್ತಿಂದೂ ಸೇರಿಸಿ ನೋಡ್ತಿದೀನಿ."