ಕೆಳಗಿನ ಮನೆಯ ಆಂಟಿ ಮತ್ತು ನಾನು ಊದಿದ ಸೀಟಿ

ಹೊಸ ಮಂಗಳಗಿರಿ ಸೀರೆಗೆ ಗಂಜಿಯದೊಂದು ವಾಸನೆ ಇರುತ್ತದೆ, ಅನ್ನದ ತಿಳಿ ಸ್ವಲ್ಪ ಹುಳಿ ಬಂದ ಹಾಗೆ. ವಿಜಯವಾಡದ ನಮ್ಮ ಬ್ಯಾಂಕಿನ ಹೆಂಗಸರೆಲ್ಲ ಆ ವರ್ಷದ ಸಂಕ್ರಾಂತಿಗೆ ಒಂದೇ ಬಣ್ಣದ ಸೀರೆ ಉಡೋಣವೆಂದು ತರಿಸಿದ್ದರು. ನನ್ನ ಪಾಲಿನದನ್ನು ಮನೆಯಲ್ಲಿ ಬಿಚ್ಚಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟೆ. ನಾನು ಚಿಕ್ಕವಳಿದ್ದಾಗ ವಿಶಾಖಪಟ್ಟಣದ ನೌಕಾಪಡೆ ಕ್ವಾರ್ಟರ್ಸಿನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಆಂಟಿ ಹೊಸ ಸೀರೆಯನ್ನು ಹತ್ತು ಸಲ ಒಗೆಯದೆ ಉಡುತ್ತಿರಲಿಲ್ಲ. "ಮೈಗೆ ಚುಚ್ಚತೈತಿ" ಎನ್ನುತ್ತಿದ್ದರು...

ಅವರ ನೆನಪು ಬರಬಾರದ ಹೊತ್ತಿನಲ್ಲೇ ಬಂದಿತ್ತು. ಮುಂದಿನ ವಾರ ವಿಶಾಖಪಟ್ಟಣದಲ್ಲಿ ನನಗೆ ಆಟಿಸಂ ಇದೆಯೇ ಎಂದು ನೋಡುವವರಿದ್ದರು. ಆಗ ನನಗೆ ನಲವತ್ತೊಂದು. ಹಳೆಪೇಟೆ ಒನ್ ಟೌನಿನ ನಮ್ಮ ಶಾಖೆಯಲ್ಲಿ ಟೋಕನ್ನಿನ ಗಂಟೆ, ನೋಟೆಣಿಸುವ ಯಂತ್ರ, ಗಿರಾಕಿಗಳ ಗಲಾಟೆ ಎಲ್ಲ ಒಟ್ಟಿಗೆ ಏರಿದಾಗ ನಾನು ರೆಕಾರ್ಡ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಮೂರನೆಯ ಸಲ ಮ್ಯಾನೇಜರು ಬಾಗಿಲು ತಟ್ಟಿದರು. ಅದಾದ ಮೇಲೆ ಡಾಕ್ಟರು, ಡಾಕ್ಟರ ನಂತರ ಈ ಮನಶ್ಶಾಸ್ತ್ರಜ್ಞೆ. ಚಿಕ್ಕಂದಿನಿಂದ ನನ್ನನ್ನು ಬಲ್ಲವರೊಬ್ಬರನ್ನು ಕರೆತರಬೇಕೆಂದು ಆಕೆ ಹೇಳಿದ್ದರು. ಅಪ್ಪ ನೌಕಾಪಡೆಯಿಂದ ನಿವೃತ್ತರಾಗಿ ನಮ್ಮೂರು ಹಾಸನಕ್ಕೆ ಮರಳದೆ ವಿಶಾಖಪಟ್ಟಣದಲ್ಲೇ ಮನೆ ಮಾಡಿದ್ದರು. ಹಾಗಾಗಿ ಅಮ್ಮನನ್ನೇ ಕರೆದೆ. ಅಮ್ಮ ಬಂದರು, ಮುಖ ಗಂಟು ಹಾಕಿಕೊಂಡೇ.

ಮನಶ್ಶಾಸ್ತ್ರಜ್ಞೆಯ ಪುಟ್ಟ ಕೋಣೆಯಲ್ಲಿ ಮೊದಲ ಅರ್ಧ ಗಂಟೆ ಪ್ರಶ್ನೆಗಳೆಲ್ಲ ಅಮ್ಮನಿಗೇ. ಯಾವಾಗ ಮಾತು ಕಲಿತಳು, ಯಾರ ಜೊತೆ ಆಡುತ್ತಿದ್ದಳು, ಸದ್ದಿಗೆ ಏನು ಮಾಡುತ್ತಿದ್ದಳು ಎಂದು ಆಕೆ ತೆಲುಗಿನಲ್ಲಿ ಒಂದೊಂದಾಗಿ ಕೇಳಿದರು. ಅಮ್ಮ ಪ್ರತಿಯೊಂದಕ್ಕೂ "ಎಲ್ಲ ಮಕ್ಕಳ ಹಾಗೇ" ಎಂದರು. ಕೊನೆಗೆ ಸಹನೆ ಕೆಟ್ಟು ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದರು, "ನಿನಗೇನೂ ಇರ್ಲಿಲ್ಲ ಕಣೆ. ಆ ಕೆಳಗಿನ ಮನೆಯವಳ ಹತ್ರ ಹೋಗಿ ಹೋಗಿ ಅವಳ ಥರ ಆದೆ. ಅವಳಿಗೆ ತಲೆ ಕೆಟ್ಟಿತ್ತು ಅಂತ ಕ್ವಾರ್ಟರ್ಸಿಗೆಲ್ಲ ಗೊತ್ತಿತ್ತು."

 ಮನಶ್ಶಾಸ್ತ್ರಜ್ಞೆಗೆ ಮಾತು ಅರ್ಥವಾಗದಿದ್ದರೂ ನನ್ನ ಮುಖ ಅರ್ಥವಾಗಿರಬೇಕು. ಪೆನ್ನು ಕೆಳಗಿಟ್ಟು, "ನಿಧಾನಂಗಾ ಚೆಪ್ಪಂಡಿ", ನಿಧಾನವಾಗಿ ಹೇಳಿ, ಎಂದರು. ಮೂವತ್ತು ವರ್ಷ ಯಾರಿಗೂ ಹೇಳದಿದ್ದುದನ್ನು ಅವತ್ತು ಹೇಳಿದೆ, ಅಮ್ಮನ ಎದುರಿಗೇ.

ಆಂಟಿ ಗದಗದ ಕಡೆಯವರು. ಗಂಡ ಹಡಗಿನಲ್ಲಿದ್ದರು, ಮಕ್ಕಳಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಗೋಡೆ ನೋಡಿಕೊಂಡು ಉತ್ತರ ಕೊಡುತ್ತಿದ್ದರು. ಕ್ವಾರ್ಟರ್ಸಿನ ಹೆಂಗಸರು ಅದಕ್ಕೆ ಜಂಬ ಎಂದು ಹೆಸರಿಟ್ಟಿದ್ದರು. ನಾನು ಶಾಲೆಯಿಂದ ನೇರ ಅಲ್ಲಿಗೇ ಹೋಗುತ್ತಿದ್ದೆ. ಊರಿನಿಂದ ತಂದ ಜೋಳವನ್ನು ಮೊರಕ್ಕೆ ಸುರಿದು ನನ್ನ ಮುಂದಿಡುತ್ತಿದ್ದರು. ಇಬ್ಬರೂ ಕಲ್ಲು ಆರಿಸುತ್ತಿದ್ದೆವು. "ಮಾತಾಡಬೇಕಂತೇನಿಲ್ಲ, ಸುಮ್ನ ಕುಂದ್ರು" ಎಂದಿದ್ದರು ಮೊದಲ ದಿನವೇ. ಬೇರೆ ಯಾರ ಮನೆಯಲ್ಲೂ ನನಗೆ ಆ ಮಾತು ಸಿಕ್ಕಿರಲಿಲ್ಲ...

ಅವರ ಮನೆಯಲ್ಲಿ ಕುಕ್ಕರ್ ಇರಲಿಲ್ಲ. ಯಾಕೆಂದು ಕೇಳಿದಾಗ ಧ್ವನಿ ತಗ್ಗಿಸಿದರು. "ಸೀಟಿ ಕೇಳಿದ್ರ ತಲಿ ಸೀಳಿದಂಗ ಆಗತೈತಿ. ಯಾರ ಮುಂದೂ ಹೇಳಬ್ಯಾಡ, ನಗ್ತಾರ." ನನಗೂ ಹಾಗೇ ಆಗುತ್ತದೆ ಎಂದೆ. ಅವರು ತಲೆಯಾಡಿಸಿದರು, ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲವೆನ್ನುವ ಹಾಗೆ.

ಆ ವರ್ಷ ಶಾಲೆಯ ಡ್ರಿಲ್ಲಿನಲ್ಲಿ ಮೇಷ್ಟ್ರು ಸೀಟಿ ಊದಿದಾಗ ನಾನು ಕಿವಿ ಮುಚ್ಚಿ ಕೂತುಬಿಟ್ಟೆ. ಕ್ವಾರ್ಟರ್ಸಿನ ಮಕ್ಕಳು ವಾರಗಟ್ಟಲೆ ನನ್ನನ್ನು ಆಡಿಕೊಂಡರು. ಒಂದು ಸಂಜೆ ತಡೆಯಲಾರದೆ ಬಾಯಿಬಿಟ್ಟೆ, "ನಾನೊಬ್ಳೇ ಅಲ್ಲ, ಕೆಳಗಿನ ಮನೆ ಆಂಟಿಗೂ ಆಗಲ್ಲ."

ಮರುದಿನ ಆಂಟಿ ಚೀಲ ತುಂಬ ತರಕಾರಿ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದಾಗ ನಾಲ್ಕೈದು ಮಕ್ಕಳು ಮೆಟ್ಟಿಲ ಕೆಳಗೆ ಅಡಗಿದ್ದರು. ನನ್ನ ಕೈಗೂ ಒಂದು ಸೀಟಿ ಕೊಟ್ಟಿದ್ದರು. ಊದಿದರೆ ನಾಳೆಯಿಂದ ನಮ್ಮ ಗುಂಪಿಗೆ ಸೇರಿಸಿಕೊಳ್ಳುತ್ತೇವೆ ಎಂದಿದ್ದರು. ಎಲ್ಲರೂ ಒಟ್ಟಿಗೆ ಊದಿದರು. ನಾನೂ ಊದಿದೆ. ನನ್ನದೇ ಕಿವಿ ಹರಿದುಹೋಗುವಂತಾದರೂ ನಿಲ್ಲಿಸಲಿಲ್ಲ.

ಟೊಮೆಟೊ, ಬದನೆಕಾಯಿ ಮೆಟ್ಟಿಲ ಮೇಲೆಲ್ಲ ಉರುಳಿದವು. ಆಂಟಿ ಕಿವಿ ಮುಚ್ಚಿ ಕುಸಿದು ಕೂತರು. ಆಮೇಲೆ ಅವರಿಂದ ಹೊರಟ ಕೂಗು ಮನುಷ್ಯರದ್ದೆನಿಸಲಿಲ್ಲ. ತಲೆಯನ್ನು ಗೋಡೆಗೆ ಚಚ್ಚಿಕೊಳ್ಳತೊಡಗಿದರು. ಮಹಡಿಗಳಿಂದ ಜನ ಇಳಿದು ಬಂದರು, ಹಣೆಯ ರಕ್ತ ನೋಡಿದರು, ಹುಚ್ಚು ಎಂದರು. ಮಕ್ಕಳು ಓಡಿಹೋಗಿದ್ದರು. ನಾನು ಸೀಟಿ ಹಿಡಿದು ಅಲ್ಲೇ ನಿಂತಿದ್ದೆ. ಯಾರ ಮುಖವನ್ನೂ ನೋಡದ ಆಂಟಿ ಆ ದಿನ ನನ್ನ ಮುಖ ನೋಡಿದರು...

ಗಂಡ ಹಡಗಿನಿಂದ ಬಂದ ಮೇಲೆ ತಿಂಗಳೊಳಗೆ ಅವರನ್ನು ಊರಿಗೆ ಬಿಟ್ಟು ಬಂದರು. ಆಂಟಿ ಮತ್ತೆ ಬರಲಿಲ್ಲ.

ನಾನು ಮುಗಿಸಿದಾಗ ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು. ಆಮೇಲೆ ಮನಶ್ಶಾಸ್ತ್ರಜ್ಞೆಯ ಕಡೆ ತಿರುಗಿ ಕನ್ನಡದಲ್ಲೇ, "ಹೌದು. ಇವಳೂ ಕಿವಿ ಮುಚ್ಕೋತಿದ್ಳು. ನಾನು ಕೈ ಎಳೆದು ಹೊಡೀತಿದ್ದೆ" ಎಂದರು. ಅದನ್ನು ತೆಲುಗಿಗೆ ತಿರುಗಿಸಿ ಹೇಳುವುದು ನನಗೆ ಕಷ್ಟವಾಯಿತು.

ಇನ್ನೆರಡು ಭೇಟಿಗಳಾದ ಮೇಲೆ ವರದಿ ಕೈಗೆ ಬಂತು. ಆಟಿಸಂ ಇತ್ತು, ಹುಟ್ಟಿನಿಂದಲೇ. ಹಗುರವಾಗಬೇಕಿತ್ತು, ಸ್ವಲ್ಪ ಆಯಿತು ಕೂಡ. ಆದರೆ ಅದನ್ನು ಓದುವಾಗ ಪುಟಪುಟದಲ್ಲೂ ಕಂಡದ್ದು ನಾನಲ್ಲ, ಆಂಟಿ. ನಾನು ಕೇಳದೆಯೇ ಅಮ್ಮ ಅಪ್ಪನ ಹಳೆಯ ಸ್ನೇಹಿತರನ್ನೆಲ್ಲ ವಿಚಾರಿಸಿ ಆಂಟಿಯ ಗಂಡನ ನಂಬರು ತಂದುಕೊಟ್ಟರು.

ಫೋನ್ ಎತ್ತಿದ ಮುದಿ ಧ್ವನಿಗೆ ನಾನು ಯಾರ ಮಗಳೆಂದು ಹೇಳಿದೆ. ಆಂಟಿಯನ್ನು ಕೇಳಿದೆ.

"ಅಕಿ ಹೋಗಿ ಮೂರು ವರ್ಷ ಆತವ್ವಾ."

ಫೋನ್ ಇಡಬಹುದಿತ್ತು. ಇಡಲಿಲ್ಲ. ಸೀಟಿ ಊದಿದ್ದನ್ನು, ಗುಟ್ಟು ಹೇಳಿದ್ದೇ ನಾನೆಂಬುದನ್ನು, ನನ್ನ ವರದಿಯನ್ನು, ಆಂಟಿಗೂ ಅದೇ ಇದ್ದಿರಬೇಕೆಂಬುದನ್ನು, ಎಲ್ಲವನ್ನೂ ಹೇಳಿದೆ. 

"ಯಾರು ಮಾಡಿದ್ರು ಅಂತ ಎಷ್ಟು ಕೇಳಿದ್ರೂ ಅಕಿ ಹೇಳಲಿಲ್ಲ. ಹಟಮಾರಿ ಅಂತ ನಾನೂ ಬಾಳ ಬೈದೆ. ಹಟಾನೂ ಅಲ್ಲ, ಹುಚ್ಚೂ ಅಲ್ಲ ಅಂತೀ?"

"ಅಲ್ಲ ಅಂಕಲ್."

"ತಡಿ, ಪೆನ್ ತರ್ತೀನಿ. ಏನಂದಿ ಅದರ ಹೆಸರು?"

ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಅವರು ಬರೆದುಕೊಂಡು, ಎರಡು ಸಲ ತಮ್ಮಷ್ಟಕ್ಕೆ ಓದಿಕೊಂಡರು.

"ಇಷ್ಟ ಸಣ್ಣ ಹೆಸರು" ಎಂದರು. "ಅಕಿ ಇದ್ದಾಗ ಯಾರರೆ ಹೇಳಬೇಕಿತ್ತವ್ವಾ..."